ಪ್ರೇಮಗೀತೆಯೆಂಬ ಹಣೆಪಟ್ಟಿ

ಈಚೆಗೆ ಮಿತ್ರರೊಬ್ಬರ ಮಗಳ ಮದುವೆಯ ಆರತಕ್ಷತೆಗೆ ಹೋಗಿದ್ದೆ. ಬೆಂಗಳೂರಿನ ಆರತಕ್ಷತೆಯೆಂದ ಮೇಲೆ ವಾದ್ಯಗೋಷ್ಠಿ ಇರಲೇಬೇಕಷ್ಟೆ. ವೇದಿಕೆಯ ಒಂದು ಮಗ್ಗುಲಲ್ಲಿ ನಾಲ್ವರು ತರುಣರು ಗಿಟಾರು, ಕೀಬೋರ್ಡುಗಳೊಡನೆ ಸಜ್ಜಾಗಿದ್ದರು. ಎರಡು ಕನ್ನಡ ಚಿತ್ರಗೀತೆ, ಎರಡು ಹಿಂದಿ ಗೀತೆ ಮುಗಿದ ಬಳಿಕ ಗಿಟಾರಿನ ಹುಡುಗ ಮೆಲ್ಲಗೆ ತಂತಿ ಮೀಟತೊಡಗಿದ. ಕಾಲೇಜಿನ ದಿನಗಳಿಂದ ನನ್ನ ಕಿವಿಗೆ ಪರಿಚಿತವಾದ ಸ್ವರಪಂಕ್ತಿ. ದಿ ಪೊಲೀಸ್ ಎಂಬ ಇಂಗ್ಲೆಂಡಿನ ವಾದ್ಯವೃಂದದವರ ‘ಎವೆರಿ ಬ್ರೆತ್ ಯು ಟೇಕ್’. “ವರನಿಂದ ವಧುವಿಗೆ ಈ ಪ್ರೇಮಗೀತೆಯ ಕಾಣಿಕೆ” ಎಂದು ಹಾಡುಗಾರ ಸಾರಿದ. ಸಭೆ ಚಪ್ಪಾಳೆ ತಟ್ಟಿತು. ವಧು ನಾಚಿ ತಲೆ ತಗ್ಗಿಸಿದಳು. ನಾನು ಮಾತ್ರ ಕೈಯಲ್ಲಿದ್ದ ಬಾದಾಮಿ ಹಾಲನ್ನು ಕುಡಿಯುವುದು ಮರೆತು ಕುಳಿತೆ.

ಏಕೆಂದರೆ ಆ ಹಾಡು ಹೇಳುವ ಸಂಗತಿ ಇಷ್ಟು: ತನ್ನನ್ನು ಬಿಟ್ಟುಹೋದವಳ ಮೇಲೆ ತನಗೆ ಇನ್ನೂ ಹಕ್ಕಿದೆಯೆಂದು ನಂಬಿದ ಒಬ್ಬ ಗಂಡಸು, ಅವಳು ಎಲ್ಲಿ ಹೋದರೂ ಏನು ಮಾಡಿದರೂ ತನ್ನ ಕಣ್ಣು ತಪ್ಪಿಸಲಾರಳು ಎನ್ನುತ್ತಾನೆ. ಇದು ನನ್ನ ಕುಚೋದ್ಯದ ವ್ಯಾಖ್ಯಾನವೆಂದು ಓದುಗರು ತಿಳಿಯಬಾರದು. ಹಾಡನ್ನು ಬರೆದ ಸ್ಟಿಂಗ್ ತಾನೇ ಎಷ್ಟೋ ಸಂದರ್ಶನಗಳಲ್ಲಿ ಇದನ್ನು ಹೇಳಿದ್ದಾನೆ. ಅಸೂಯೆ, ಒಡೆತನ, ಕಾವಲು ಇವುಗಳ ಕೆಟ್ಟ ಹಾಡು ಅದು. ಜನ ಅದನ್ನು ಒಲವಿನ ಹಾಡೆಂದು ಅಪ್ಪಿಕೊಂಡದ್ದು ತನಗೇ ಸೋಜಿಗ ಎಂದಿದ್ದಾನೆ. 1982ರಲ್ಲಿ, ಅವನ ಮೊದಲ ದಾಂಪತ್ಯ ಮುರಿದುಬೀಳುತ್ತಿದ್ದ ಹೊತ್ತಿನಲ್ಲಿ, ಜಮೈಕಾ ದ್ವೀಪದ ಗೋಲ್ಡನ್‌ಐ ಎಂಬ ಮನೆಯಲ್ಲಿ ಅವನು ಅದನ್ನು ಬರೆದ. ಆ ಮನೆ ಒಂದು ಕಾಲಕ್ಕೆ ಇಯಾನ್ ಫ್ಲೆಮಿಂಗನದು. ಜೇಮ್ಸ್ ಬಾಂಡನೆಂಬ ಗೂಢಚಾರನನ್ನು ಸೃಷ್ಟಿಸಿದ ಮನೆಯಲ್ಲಿಯೇ ಈ ಬೇಹುಗಾರಿಕೆಯ ಹಾಡೂ ಹುಟ್ಟಿತೆಂಬುದು ಉಚಿತವೇ ಆಗಿದೆ. 1983ರಲ್ಲಿ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ 8 ವಾರ, ಬ್ರಿಟನ್ನಿನ ಪಟ್ಟಿಯ ತುದಿಯಲ್ಲಿ 4 ವಾರ ಕುಳಿತಿತು. ಹಾಡು ಬರೆಯುವವರ ಗೌರವಧನವನ್ನು ವಸೂಲು ಮಾಡಿ ಹಂಚುವ ಅಮೆರಿಕದ ಬಿ.ಎಂ.ಐ. ಸಂಸ್ಥೆ, ತನ್ನ ಭಂಡಾರದ ಹಾಡುಗಳಲ್ಲೆಲ್ಲ ಅತಿ ಹೆಚ್ಚು ಪ್ರಸಾರ ಕಂಡದ್ದು ಇದೇ ಎಂದು 2019ರಲ್ಲಿ ಪ್ರಕಟಿಸಿತು.

ಹಾಡು ಮುಗಿದ ಮೇಲೆ ಗಿಟಾರಿನ ಹುಡುಗನ ಬಳಿಗೆ ಹೋಗಿ, “ಮದುವೆ ಮನೇಲಿ ಈ ಹಾಡು ಯಾಕಪ್ಪಾ?” ಎಂದೆ.

“ಎಯ್ಟೀಸ್‌ನ ದೊಡ್ಡ ಲವ್ ಸಾಂಗ್ ಸಾರ್. ಎಲ್ಲಾ ರಿಸೆಪ್ಷನ್‌ನಲ್ಲೂ ಕೇಳ್ತಾರೆ” ಎಂದ ಅವನು, ನಾನು ಮೆಚ್ಚಿ ಕೇಳಿದೆನೆಂದು ಭಾವಿಸಿ.

ಅವನ ತಪ್ಪೇನಿಲ್ಲ. ಕೇಳಿದ್ದನ್ನು ಬಾರಿಸುವುದು ಅವನ ಕಸುಬು. ತಪ್ಪು ಯಾರದೆಂಬ ಜಿಜ್ಞಾಸೆ ಊಟದ ಪಂಕ್ತಿಯಲ್ಲಿ ಆರಂಭವಾಯಿತು. ನನ್ನ ಎಡಕ್ಕೆ ಕುಳಿತವರು ನಿವೃತ್ತ ಅಧ್ಯಾಪಕರು, ಸಾಹಿತ್ಯ ಬಲ್ಲವರು. “ಎಂಬತ್ತರ ದಶಕದ ಆ ಪಾಪ್ ಹಾಡುಗಳೆಲ್ಲ ಕಾರ್ಖಾನೆಯ ಸರಕು ಕಣ್ರೀ. ಯಂತ್ರ ಬಾರಿಸಿತು, ಮಾರುಕಟ್ಟೆ ಕುಣಿಯಿತು. ಅದರಲ್ಲಿ ಅರ್ಥ ಹುಡುಕುವುದು ಮರಳು ಹಿಂಡಿ ಎಣ್ಣೆ ತೆಗೆದಂತೆ” ಎಂದು ಅವರು ಒಂದೇ ಮಾತಿನಲ್ಲಿ ತೀರ್ಪಿತ್ತರು. ಬಲಕ್ಕೆ ಕುಳಿತವರು ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದವರು, ನನ್ನ ಓರಗೆಯವರು. ಅವರ ಮುಖ ಸಪ್ಪಗಾಯಿತು. “ಏನೇ ಹೇಳಿ, ಆ ಹಾಡುಗಳಲ್ಲಿ ನಿಜವಾದ ಪ್ರೀತಿ ಇತ್ತು. ಈಗಿನ ಹಾಡುಗಳಲ್ಲಿ ಅದೆಲ್ಲಿದೆ? ಆ ನಿರ್ಮಲವಾದ ಕಾಲವೇ ಹೋಯಿತು” ಎಂದು ನಿಟ್ಟುಸಿರಿಟ್ಟರು.

ಈ ಇಬ್ಬರೂ ಸಜ್ಜನರು. ಇಬ್ಬರ ಮೇಲೂ ನನಗೆ ಗೌರವವಿದೆ. ಆದರೆ ಇಬ್ಬರೂ ಆ ಹಾಡುಗಳನ್ನು ಕೇಳಿಲ್ಲವೆಂಬುದು ನನ್ನ ವಾದ. ಒಬ್ಬರು ಕೇಳದೆ ಹಳಿಯುತ್ತಾರೆ. ಇನ್ನೊಬ್ಬರು ಕೇಳದೆ ಹೊಗಳುತ್ತಾರೆ. ನಾಡಿನಲ್ಲಿ ಈ ಎರಡು ಪಂಗಡದವರೇ ತುಂಬಿರುವುದರಿಂದ ಈ ಮಾತನ್ನು ತುಸು ವಿಸ್ತಾರವಾಗಿ ಎತ್ತಿಕೊಳ್ಳಬೇಕಾಗಿದೆ.

ಮೊದಲು ಎಡಗಡೆಯವರ ಆಕ್ಷೇಪಣೆಯನ್ನು ನೋಡೋಣ. ಅವರು ಮಾರುಕಟ್ಟೆಯ ವಿಷಯದಲ್ಲಿ ಹೇಳುವುದರಲ್ಲಿ ಸತ್ಯಾಂಶವಿದೆ. ಬಿಲ್‌ಬೋರ್ಡ್ ಪತ್ರಿಕೆಯ ‘ಹಾಟ್ 100’ ಎಂಬ ಪಟ್ಟಿ 1958ರಲ್ಲಿ ಆರಂಭವಾಯಿತು. ಎಷ್ಟು ತಟ್ಟೆ ಮಾರಿದವು, ರೇಡಿಯೋದಲ್ಲಿ ಎಷ್ಟು ಸಲ ಪ್ರಸಾರವಾಯಿತು ಎಂಬ ಎರಡನ್ನೂ ಕೂಡಿಸಿ ಆ ಕಾಲದಲ್ಲಿ ಅದು ವಾರವಾರವೂ ಸ್ಥಾನ ನಿರ್ಣಯಿಸುತ್ತಿತ್ತು. ಎಂಬತ್ತರ ದಶಕದುದ್ದಕ್ಕೂ ಈ ಲೆಕ್ಕ ಅಂಗಡಿಯವರೂ ರೇಡಿಯೋ ನಿಲಯದವರೂ ತಾವಾಗಿ ಕೊಡುವ ವರದಿಯನ್ನೇ ನಂಬಿಕೊಂಡಿತ್ತು. ಯಂತ್ರದಿಂದ ಎಣಿಸುವ ಪದ್ಧತಿ ಅಲ್ಲಿಗೆ ಬಂದದ್ದು 1991ರಲ್ಲಿ. ಬಾಯಿಮಾತಿನ ಲೆಕ್ಕ ಇದ್ದಲ್ಲಿ ಕೈ ಬೆಚ್ಚಗೆ ಮಾಡುವವರೂ ಇರುತ್ತಾರೆ. ಹಾಡುಗಳನ್ನು ರೇಡಿಯೋಕ್ಕೆ ದಾಟಿಸುವ ದಲ್ಲಾಳಿಗಳಿಗೆ ಅಲ್ಲಿನ ಕಂಪೆನಿಗಳು ಕೋಟಿಗಟ್ಟಲೆ ಸುರಿಯುತ್ತಿದ್ದುವು, 1986ರಲ್ಲಿ ಎನ್.ಬಿ.ಸಿ. ದೂರದರ್ಶನ ಈ ವ್ಯವಹಾರದ ಹುಳುಕನ್ನು ಬಯಲಿಗೆಳೆಯಿತು. ಆದುದರಿಂದ ಪಟ್ಟಿಯಲ್ಲಿ ಮೊದಲ ಸ್ಥಾನ ಬಂದಿತೆಂದರೆ ಗುಣದಲ್ಲಿ ಮೊದಲು ಎಂದು ಯಾರಾದರೂ ಹೇಳಿದರೆ ಅವರನ್ನು ನಾನೂ ನಂಬುವುದಿಲ್ಲ.

ಆದರೆ ಇದರಿಂದ ಸಿದ್ಧವಾಗುವುದೇನು? ಪಟ್ಟಿ ಕೆಟ್ಟದ್ದೆಂದು ಸಿದ್ಧವಾಯಿತು. ಹಾಡು ಕೆಟ್ಟದ್ದೆಂದು ಸಿದ್ಧವಾಗಲಿಲ್ಲ. ತಕ್ಕಡಿ ಮೋಸದ್ದೆಂದಾಕ್ಷಣ ಅದರಲ್ಲಿ ತೂಗಿದ ಅಕ್ಕಿಯೆಲ್ಲ ಹುಳುಕಾಗುವುದಿಲ್ಲ.

ಇನ್ನು ಯಂತ್ರದ ಮಾತು. ಈ ಹಾಡುಗಳಲ್ಲಿ ಮನುಷ್ಯನ ಕೈ ಇಲ್ಲ, ಗುಂಡಿ ಒತ್ತಿ ಹೊರಡಿಸಿದ ನಾದ, ಆದ್ದರಿಂದ ಭಾವವೂ ಸುಳ್ಳು ಎಂಬ ತರ್ಕ. 1983ರಲ್ಲಿ ಜಪಾನಿನ ಯಮಾಹಾ ಕಂಪೆನಿ ಡಿಎಕ್ಸ್7 ಎಂಬ ವಿದ್ಯುನ್ಮಾನ ವಾದ್ಯವನ್ನು ಹೊರತಂದಿತು. ಗಾಜಿನ ಗಂಟೆಯಂತೆ ತಣ್ಣಗೆ ಮಿಡಿಯುವ ಅದರ ಪಿಯಾನೋ ನಾದ ಆ ದಶಕದ ಅರ್ಧಕ್ಕರ್ಧ ಮಂದಗತಿಯ ಹಾಡುಗಳಲ್ಲಿ ತುಂಬಿಕೊಂಡಿದೆಯೋ ಎನಿಸುತ್ತದೆ. ಅದರ ಮೂಲ ಎಲ್ಲಿಯದು? 1967ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಚೌನಿಂಗ್ ಎಂಬ ಸಂಗೀತಗಾರ ಒಂದು ಪ್ರಯೋಗ ಮಾಡುತ್ತಿದ್ದ. ನಮ್ಮವರು ಕಂಪಿತವೆನ್ನುವಂಥ ಸ್ವರದ ತುಯ್ದಾಟವನ್ನು ಅವನು ಬೇಗ ಬೇಗ, ಇನ್ನೂ ಬೇಗ ಮಾಡುತ್ತ ಹೋದ. ಒಂದು ಹಂತ ದಾಟಿದ ಮೇಲೆ ಕಿವಿಗೆ ತುಯ್ದಾಟ ಕೇಳಿಸದೆ ಹೊಸದೊಂದು ನಾದವೇ ಕೇಳಿಸಿತು. ಈ ತತ್ತ್ವವನ್ನು ಯಮಾಹಾ ಕೊಂಡುಕೊಂಡಿತು. ಅಂದರೆ ಅಧ್ಯಾಪಕರು ಜಡವೆಂದು ಜರೆಯುವ ಆ ಯಂತ್ರದ ಹೊಟ್ಟೆಯಲ್ಲಿರುವುದು ಒಬ್ಬ ಸಂಗೀತಗಾರನ ಕಿವಿ.

ಯಂತ್ರವೆಂಬ ಬೈಗುಳ ನಮಗೇನು ಹೊಸತಲ್ಲ. ಹಾರ್ಮೋನಿಯಂ ನಮ್ಮ ಸಂಗೀತವನ್ನು ಕೆಡಿಸುವ ಪರದೇಶಿ ಪೆಟ್ಟಿಗೆಯೆಂದು ಆಕಾಶವಾಣಿಯವರು 1940ರಲ್ಲಿ ಅದನ್ನು ಹೊರಗಿಟ್ಟರು. 1971ರ ತನಕ ಬಾಗಿಲು ತೆರೆಯಲಿಲ್ಲ. ಆ ಮೂವತ್ತು ವರ್ಷವೂ ನಮ್ಮ ಭಜನೆಯ ಮನೆಗಳಲ್ಲಿ, ನಾಟಕದ ರಂಗಗಳಲ್ಲಿ ಅದೇ ಪೆಟ್ಟಿಗೆ ಜನರ ಕಣ್ಣಲ್ಲಿ ನೀರು ತರಿಸುತ್ತಲೇ ಇತ್ತು. ಪಿಟೀಲು ಕೂಡ ಹಡಗು ಹತ್ತಿ ಬಂದದ್ದೇ ಅಲ್ಲವೆ? ಕುಣಿಯಲಾರದವಳು ನೆಲ ಡೊಂಕೆಂದಂತೆ, ಕೇಳಲಾರದವರು ವಾದ್ಯ ಡೊಂಕೆನ್ನುತ್ತಾರೆ.

ಇಂಗ್ಲೆಂಡಿನ ಷೆಫೀಲ್ಡ್ ಉಕ್ಕಿನ ಊರು. ಅಲ್ಲಿನ ಹ್ಯೂಮನ್ ಲೀಗ್ ಎಂಬ ತಂಡದವರು 1981ರಲ್ಲಿ ‘ಡೋಂಟ್ ಯು ವಾಂಟ್ ಮಿ’ ಎಂಬ ಹಾಡನ್ನು ಹೊರತಂದರು. ತಾಳ ಹಾಕಿದ್ದು ಲಿನ್ ಎಂಬ ಯಂತ್ರ. ಮಿಕ್ಕ ನಾದವೆಲ್ಲ ವಿದ್ಯುನ್ಮಾನ ವಾದ್ಯಗಳದು. ಅಧ್ಯಾಪಕರ ಲೆಕ್ಕಕ್ಕೆ ಇದು ಭಾವಶೂನ್ಯತೆಯ ಪರಾಕಾಷ್ಠೆಯಾಗಬೇಕು. ಆದರೆ ಹಾಡಿನಲ್ಲಿ ಏನು ನಡೆಯುತ್ತದೆ? ಹೋಟೆಲಿನಲ್ಲಿ ಪಾನೀಯ ಬಡಿಸುತ್ತಿದ್ದ ಹುಡುಗಿಯನ್ನು ತಾನು ಮೇಲೆತ್ತಿ ತಾರೆಯಾಗಿ ಮಾಡಿದೆನೆಂದು ಒಬ್ಬ ಗಂಡಸು ಹೇಳಿಕೊಳ್ಳುತ್ತಾನೆ. ಎತ್ತಿದ ಕೈ ಕೆಳಕ್ಕೂ ತಳ್ಳಬಲ್ಲುದೆಂದು ಬೆದರಿಸುತ್ತಾನೆ. ಆಮೇಲೆ ಆ ಹುಡುಗಿ ಬಾಯಿ ತೆರೆಯುತ್ತಾಳೆ. ನೀನಿಲ್ಲದಿದ್ದರೂ ನಾನು ಏಳುತ್ತಿದ್ದೆ, ಇನ್ನು ನನ್ನ ದಾರಿ ನನ್ನದು ಎಂಬ ಅರ್ಥದ ಮಾತನ್ನು, ಕೂಗದೆ, ಅಳದೆ, ಬೀದಿಯಲ್ಲಿ ಎದುರಾದವರೊಡನೆ ಆಡಿದಂತೆ ಆಡುತ್ತಾಳೆ. ಆ ಭಾಗ ಹಾಡಿದ ಸೂಸನ್ ಸಲ್ಲಿ ಸಂಗೀತ ಕಲಿತ ವೃತ್ತಿಗಾಯಕಿಯಲ್ಲ. ಅದರ ಹಿಂದಿನ ವರ್ಷ ಊರಿನ ನೃತ್ಯಶಾಲೆಯೊಂದರಲ್ಲಿ ಕುಣಿಯುತ್ತಿದ್ದಾಗ ತಂಡದವರ ಕಣ್ಣಿಗೆ ಬಿದ್ದ ಶಾಲಾ ಬಾಲಕಿ. ಇದು ಪ್ರೇಮಗೀತೆಯಲ್ಲ, ಗಂಡುಹೆಣ್ಣಿನ ನಡುವಣ ಅಧಿಕಾರದ ಕಿತ್ತಾಟ ಎಂದು ತಂಡದ ನಾಯಕ ಫಿಲಿಪ್ ಓಕಿ ಬಾಯಿಬಿಟ್ಟು ಹೇಳಿದ. ಕೇಳಿದವರು ಯಾರು? 1981ರ ಕ್ರಿಸ್‌ಮಸ್ ವಾರದಲ್ಲಿ ಅದು ಬ್ರಿಟನ್ನಿನ ಪಟ್ಟಿಯ ಮೊದಲ ಹಾಡು. ಮರುವರ್ಷ ಅಮೆರಿಕದಲ್ಲಿಯೂ 3 ವಾರ ಮೊದಲ ಹಾಡು. ಪ್ರೇಮಿಗಳು ಕೈಕೈ ಹಿಡಿದು ಅದನ್ನು ಹಾಡಿಕೊಂಡರು!

ಎಡಗಡೆಯವರಿಗೆ ನನ್ನ ಉತ್ತರ ಇಷ್ಟೆ. ತಾಳ ಯಂತ್ರದ್ದು, ಸತ್ಯ ಮನುಷ್ಯರದು.

ಈಗ ಬಲಗಡೆಯ ಮಿತ್ರರತ್ತ ತಿರುಗುತ್ತೇನೆ. ಅವರದು ಇನ್ನೂ ಮಧುರವಾದ ತಪ್ಪು. ಆದುದರಿಂದ ಇನ್ನೂ ಅಪಾಯಕರವಾದ ತಪ್ಪು. ಆ ಕಾಲದ ಹಾಡುಗಳಲ್ಲಿ ನಿರ್ಮಲ ಪ್ರೇಮವಿತ್ತೆಂದು ಅವರ ನಂಬಿಕೆ. ಅವರು ಮುದ್ದಾಗಿ ಕಾಪಿಟ್ಟುಕೊಂಡ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ತೆಗೆದು ನೋಡೋಣವೆ?

‘ಎಂಡ್‌ಲೆಸ್ ಲವ್’. 1981ರಲ್ಲಿ ಡಯಾನಾ ರಾಸ್ ಮತ್ತು ಲಯನೆಲ್ ರಿಚಿ ಹಾಡಿದ ಯುಗಳಗೀತೆ. ಅಮೆರಿಕದಲ್ಲಿ 9 ವಾರ ಮೊದಲ ಸ್ಥಾನ. ಮದುವೆಗಳಲ್ಲಿ ಇಂದಿಗೂ ಇದಕ್ಕೆ ಅಗ್ರತಾಂಬೂಲ. ಇದು ಅದೇ ಹೆಸರಿನ ಚಲಚ್ಚಿತ್ರಕ್ಕಾಗಿ ಬರೆದ ಹಾಡು. ಆ ಚಿತ್ರದಲ್ಲಿ, ಪ್ರೀತಿಸಿದ ಹುಡುಗಿಯನ್ನು ಕೆಲವು ದಿನ ನೋಡಬೇಡವೆಂದು ಹಿರಿಯರು ಹೇಳಿದ್ದಕ್ಕೆ ಹುಡುಗ ಅವಳ ಮನೆಗೇ ಬೆಂಕಿ ಹಚ್ಚುತ್ತಾನೆ. ಕೊನೆಯಿಲ್ಲದ ಆ ಒಲವು ಮನೆ ಸುಡುವ ಗೀಳು. ಹಾಡು ಮಾತ್ರ ಚಿತ್ರವನ್ನು ಬಿಟ್ಟು ಕಲ್ಯಾಣಮಂಟಪಕ್ಕೆ ಬಂದು ಕುಳಿತಿತು.

‘ಸೇವಿಂಗ್ ಆಲ್ ಮೈ ಲವ್ ಫಾರ್ ಯು’. ವಿಟ್ನಿ ಹ್ಯೂಸ್ಟನ್ನಳ ಸತತ 7 ಅಗ್ರಸ್ಥಾನಗಳಲ್ಲಿ ಮೊದಲನೆಯದು, 1985. ಹೆಂಡತಿ ಮಕ್ಕಳಿರುವ ಗಂಡಸಿಗಾಗಿ ಕಾಯುತ್ತ ಕುಳಿತ ಹೆಣ್ಣಿನ ಒಂಟಿತನ ಅದರ ವಸ್ತು. ‘ಕೇರ್‌ಲೆಸ್ ವಿಸ್ಪರ್’. ಜಾರ್ಜ್ ಮೈಕೇಲ್ ತನ್ನ ಗೆಳೆಯ ಆಂಡ್ರ್ಯೂ ರಿಜ್ಲಿಯೊಡನೆ ಹದಿಹರೆಯದಲ್ಲಿ ಬರೆದು 1984ರಲ್ಲಿ ಪ್ರಕಟಿಸಿದ್ದು. ಸ್ಯಾಕ್ಸೊಫೋನಿನ ಆ ಇಳಿಜಾರು ಸ್ವರ ಕೇಳಿ ಕರಗದವರಿಲ್ಲ. ಅಲ್ಲಿ ಹಾಡುವವನು ಪ್ರೇಯಸಿಗೆ ದ್ರೋಹ ಬಗೆದವನು. ಹಾಡಿನ ತುಂಬ ಇರುವುದು ಅವನ ಪಾಪಪ್ರಜ್ಞೆ. ‘ಟೋಟಲ್ ಎಕ್ಲಿಪ್ಸ್ ಆಫ್ ದಿ ಹಾರ್ಟ್’. ವೇಲ್ಸ್ ನಾಡಿನ ಬಾನಿ ಟೈಲರ್ 1983ರಲ್ಲಿ ಹಾಡಿ ಅಮೆರಿಕ ಬ್ರಿಟನ್ನುಗಳೆರಡರಲ್ಲೂ ಮೊದಲ ಸ್ಥಾನಕ್ಕೇರಿಸಿದ್ದು. ಇದನ್ನು ರಚಿಸಿದ ಜಿಮ್ ಸ್ಟೈನ್‌ಮನ್ ಮೊದಲು ಉದ್ದೇಶಿಸಿದ್ದು ರಕ್ತ ಹೀರುವ ಪಿಶಾಚಿಗಳ ಸಂಗೀತ ನಾಟಕವೊಂದಕ್ಕೆ! ಇದನ್ನೂ ಅವನೇ ಹೇಳಿದ್ದಾನೆ.

ಬೆಂಕಿ, ವ್ಯಭಿಚಾರ, ದ್ರೋಹ, ಪಿಶಾಚಿ. ಮಿತ್ರರ ನಿರ್ಮಲ ಕಾಲ ಇದು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ನಾವು ಬಾಲ್ಯದಲ್ಲಿ ಉರುಹೊಡೆದದ್ದು ಯಾತಕ್ಕೆ?

ಆದರೆ ನಾನು ಇವನ್ನು ಎಣಿಸಿದ್ದು ಆ ಹಾಡುಗಳನ್ನು ಹಳಿಯುವುದಕ್ಕಲ್ಲ. ನನ್ನ ಮಾತು ಇದಕ್ಕೆ ನೇರ ವಿರುದ್ಧವಾದದ್ದು. ಈ ಹಾಡುಗಳು ಒಲವಿನ ವಿಷಯದಲ್ಲಿ ಸುಳ್ಳು ಹೇಳಲಿಲ್ಲ. ಒಲವು ಎಲ್ಲೆಲ್ಲಿ ಮುಗ್ಗರಿಸುತ್ತದೆ, ಯಾವಾಗ ಗೀಳಾಗುತ್ತದೆ, ಯಾವಾಗ ಒಡೆತನವಾಗುತ್ತದೆ, ಯಾವಾಗ ತಾನು ಇದ್ದೇನೋ ಇಲ್ಲವೋ ಎಂದು ತಾನೇ ತಿಳಿಯದೆ ತಡವರಿಸುತ್ತದೆ ಎಂಬುದನ್ನು ಅವು ಜನಸಾಮಾನ್ಯರ ಭಾಷೆಯಲ್ಲಿ, ಮೂರು ನಾಲ್ಕು ನಿಮಿಷದೊಳಗೆ ಹೇಳಿದುವು. ನಾವು ರಾಗದ ಸಿಹಿಯನ್ನು ನೆಕ್ಕಿ ಮಾತನ್ನು ಉಗುಳಿದೆವು. ಆಮೇಲೆ ಸೀಸೆಯ ಮೇಲೆ ‘ಪ್ರೇಮಗೀತೆ’ ಎಂಬ ಹಣೆಪಟ್ಟಿ ಅಂಟಿಸಿದೆವು.

ಟೀನಾ ಟರ್ನರಳ ಸಂಗತಿ ನೋಡಿ. 1976ರಲ್ಲಿ, ವರ್ಷಗಟ್ಟಲೆ ಹೊಡೆತ ತಿಂದ ಮೇಲೆ, ಗಂಡನೂ ವಾದ್ಯವೃಂದದ ಒಡೆಯನೂ ಆದ ಐಕ್ ಟರ್ನರನನ್ನು ತೊರೆದು ಡಲ್ಲಾಸಿನ ಹೋಟೆಲೊಂದರಿಂದ ಅವಳು ಓಡಿಹೋದಾಗ ಅವಳ ಕೈಯಲ್ಲಿದ್ದದ್ದು 36 ಸೆಂಟು. 1978ರಲ್ಲಿ ವಿಚ್ಛೇದನವಾದಾಗ ಆಸ್ತಿಯನ್ನೆಲ್ಲ ಬಿಟ್ಟು ಅವಳು ಉಳಿಸಿಕೊಂಡದ್ದು ತನ್ನ ರಂಗನಾಮವನ್ನು. ಹಾಡಿನ ಲೋಕ ಅವಳನ್ನು ಮುಗಿದ ಕಥೆಯೆಂದು ಬದಿಗಿಟ್ಟಿತ್ತು. ಅಂಥವಳು 1984ರಲ್ಲಿ, 44ರ ವಯಸ್ಸಿನಲ್ಲಿ, ‘ವಾಟ್ಸ್ ಲವ್ ಗಾಟ್ ಟು ಡೂ ವಿತ್ ಇಟ್’ ಎಂಬ ಹಾಡಿನೊಡನೆ ಅಮೆರಿಕದ ಪಟ್ಟಿಯ ತುದಿಗೇರಿ 3 ವಾರ ಕುಳಿತಳು. ಹಾಡು ಬರೆದವರು ಟೆರಿ ಬ್ರಿಟನ್ ಮತ್ತು ಗ್ರಹಾಂ ಲೈಲ್. ಮೊದಲು ಅವಳಿಗೆ ಅದು ಹಿಡಿಸಿರಲಿಲ್ಲ. ಆದರೆ ಅವಳ ಒರಟು ಗಂಟಲಿನಲ್ಲಿ ಆ ಪ್ರಶ್ನೆ ಬೇರೆಯೇ ತೂಕ ಪಡೆಯಿತು. ಸುಟ್ಟ ಕೈ ಒಲೆಯ ಬಳಿ ಹೋಗಲು ಹೆದರುವಂತೆ, ಒಲವೆಂಬ ಹೆಸರು ಕೇಳಿದರೇ ಹಿಂಜರಿಯುವ ಹೆಣ್ಣಿನ ಪ್ರಶ್ನೆ ಅದು. ಮನೆಯ ದೀಪವೆಂದು ಮುತ್ತಿಟ್ಟರೆ ಮೀಸೆ ಸುಡದೆ ಬಿಟ್ಟೀತೆ ಎಂದು ನಮ್ಮವರು ಹೇಳುವುದು ಗಂಡಸರನ್ನು ಕುರಿತು; ಹೆಣ್ಣಿಗೆ ಮೀಸೆಯಿಲ್ಲವಾದ್ದರಿಂದ ಬದುಕೇ ಸುಡುತ್ತದೆ. ಅವಳು 2023ರ ಮೇ 24ರಂದು ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡಳು. ಈ ಹಾಡನ್ನೂ ‘ಎಂಬತ್ತರ ಮಧುರ ಪ್ರೇಮಗೀತೆಗಳು’ ಎಂಬ ಕಟ್ಟಿನಲ್ಲಿ ಕಟ್ಟಿ ಮಾರುವುದನ್ನು ಕಂಡಾಗ ನಗುವುದೋ ಅಳುವುದೋ ತಿಳಿಯದು.

ಅವಳ ಹಾಡು ಇಳಿದ ಕೆಲವೇ ತಿಂಗಳಲ್ಲಿ, 1985ರ ಆರಂಭದಲ್ಲಿ, ಅದೇ ತುದಿಗೆ ಏರಿದ ಇನ್ನೊಂದು ಹಾಡು ಫಾರಿನರ್ ತಂಡದವರದು. ಒಲವೆಂದರೇನೆಂದು ತನಗೆ ಗೊತ್ತಿಲ್ಲ, ತೋರಿಸಿಕೊಡಿ ಎಂದು ಒಬ್ಬ ನಡುವಯಸ್ಸಿನವನು ಬೇಡುತ್ತಾನೆ. ಅವನ ಹಿಂದೆ ನ್ಯೂಜೆರ್ಸಿಯ ಚರ್ಚಿನ ಗಾಯಕ ಸಮೂಹವೊಂದು ದನಿಗೂಡಿಸುತ್ತದೆ. ಒಲವಿಗೂ ಇದಕ್ಕೂ ಏನು ಸಂಬಂಧ ಎಂದು ಒಬ್ಬಳು, ಒಲವೆಂದರೇನು ಎಂದು ಇನ್ನೊಬ್ಬ. ತಾವು ಬಲ್ಲೆವೆಂದು ಹೇಳಿಕೊಳ್ಳದ ಈ ಸಂಕೋಚವಿದೆಯಲ್ಲ, ಅದು ನಮ್ಮ ಎಷ್ಟೋ ಪ್ರೇಮಕವಿಗಳಲ್ಲಿ ಇಲ್ಲದ ಗುಣ.

ಹೇಳಲಾಗದ ಒಲವುಗಳೂ ಇದ್ದುವು. 1982ರಲ್ಲಿ ಕಲ್ಚರ್ ಕ್ಲಬ್ ತಂಡದ ಬಾಯ್ ಜಾರ್ಜ್, ತನ್ನನ್ನು ನೋಯಿಸುವುದೇ ನಿನ್ನ ಇಚ್ಛೆಯೆ ಎಂದು ಕೇಳುವ ಹಾಡನ್ನು ಬ್ರಿಟನ್ನಿನ ಪಟ್ಟಿಯ ತುದಿಗೇರಿಸಿದ. ಆ ದಿನಗಳಲ್ಲಿ ಅವನ ಒಲವು ಇದ್ದದ್ದು ಅದೇ ತಂಡದಲ್ಲಿ ಅವನ ಬೆನ್ನ ಹಿಂದೆಯೇ ಡ್ರಮ್ ಬಾರಿಸುತ್ತ ಕುಳಿತಿದ್ದ ಜಾನ್ ಮಾಸ್ ಎಂಬವನಲ್ಲಿ. ತಂಡದ ಎಷ್ಟೋ ಹಾಡುಗಳು ಆ ಬಚ್ಚಿಟ್ಟ ಸಂಬಂಧದಿಂದ ಹುಟ್ಟಿದುವೆಂದು ಜಾರ್ಜ್ ಮುಂದೆ ಬಹಿರಂಗವಾಗಿ ಹೇಳಿದ. ‘ಕೇರ್‌ಲೆಸ್ ವಿಸ್ಪರ್’ ಹಾಡಿದ ಜಾರ್ಜ್ ಮೈಕೇಲ್ ತನ್ನ ಒಲವು ಗಂಡಸರತ್ತ ಎಂದು ಲೋಕಕ್ಕೆ ಹೇಳಲು ಸಾಧ್ಯವಾದದ್ದು 1998ರಲ್ಲಿ. ಇಂಗ್ಲಿಷಿನ ‘ಯು’ ಎಂಬ ಮಾತಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ನಮ್ಮ ‘ನೀನು’ ಎಂಬುದಕ್ಕೂ ಇಲ್ಲ. ಆ ಪುಟ್ಟ ಸರ್ವನಾಮದ ಮರೆಯಲ್ಲಿ ಎಷ್ಟು ಒಲವುಗಳು ತಲೆ ಮರೆಸಿಕೊಂಡು ಬದುಕಿದುವೋ! ಅದು ನಿರ್ಮಲ ಕಾಲವಾಗಿತ್ತೆಂದು ಹೇಳುವವರು ಯಾರಿಗೆ ನಿರ್ಮಲ, ಯಾರಿಗೆ ಸೆರೆಮನೆ ಎಂಬುದನ್ನೂ ಕೇಳಿಕೊಳ್ಳಬೇಕು.

ಹಾಗಾದರೆ ನೇರವಾದ, ಸರಳವಾದ ಒಲವಿನ ಹಾಡು ಆ ಪಟ್ಟಿಯಲ್ಲಿ ಇರಲೇ ಇಲ್ಲವೆ? ಇತ್ತು. ಅದರ ಗತಿ ಏನಾಯಿತೆಂಬುದನ್ನು ಕೇಳಿದರೆ ನನ್ನ ವಾದ ಇನ್ನಷ್ಟು ಸ್ಪಷ್ಟವಾದೀತು.

ಲಂಡನ್ನಿನಲ್ಲಿ ಸ್ಟಾಕ್, ಏಟ್ಕನ್, ವಾಟರ್‌ಮನ್ ಎಂಬ ಮೂವರು ಹಾಡು ತಯಾರಕರಿದ್ದರು. ತಮ್ಮದು ಕಾರ್ಖಾನೆಯೆಂದು ಹೇಳಿಕೊಳ್ಳಲು ಅವರಿಗೆ ನಾಚಿಕೆಯಿರಲಿಲ್ಲ. ಅಧ್ಯಾಪಕರು ಬೈಯುವುದು ಮುಖ್ಯವಾಗಿ ಇಂಥವರನ್ನೇ. 1987ರಲ್ಲಿ ಅವರು 21 ವರ್ಷದ ರಿಕ್ ಆಸ್ಟ್ಲಿ ಎಂಬ ಹುಡುಗನಿಂದ ‘ನೆವರ್ ಗೊನ್ನ ಗಿವ್ ಯು ಅಪ್’ ಹಾಡಿಸಿದರು. ಬ್ರಿಟನ್ನಿನಲ್ಲಿ 5 ವಾರ ಮೊದಲ ಸ್ಥಾನ. ಆ ವರ್ಷ ಅಲ್ಲಿ ಅತಿ ಹೆಚ್ಚು ಮಾರಾಟವಾದ ಹಾಡು. 1988ರಲ್ಲಿ ಅಮೆರಿಕದಲ್ಲೂ ಅಗ್ರಸ್ಥಾನ. ಅದರ ವಸ್ತು ಕೈಬಿಡೆನೆಂಬ ಭಾಷೆ, ನೋಯಿಸೆನೆಂಬ ಭಾಷೆ, ಸುಳ್ಳಾಡೆನೆಂಬ ಭಾಷೆ. ಸಪ್ತಪದಿಯ ಹೊತ್ತಿನಲ್ಲಿ ಪುರೋಹಿತರು ಹೇಳಿಸುವುದಕ್ಕೂ ಇದಕ್ಕೂ ಬಹಳ ಅಂತರವಿಲ್ಲ. ಈ ಹಾಡಿಗೆ ಲೋಕ ಕೊಟ್ಟ ಪ್ರತಿಫಲವೇನು? 2007ರಿಂದೀಚೆಗೆ ಅದೊಂದು ಹಾಸ್ಯ. ಬೇರೇನನ್ನೋ ತೋರಿಸುವೆನೆಂದು ಕಂಪ್ಯೂಟರಿನಲ್ಲಿ ಕೊಂಡಿ ಕಳಿಸಿ, ಒತ್ತಿದವರಿಗೆ ಈ ಹಾಡು ಕೇಳಿಸಿ ನಗುವುದು ಲೋಕವ್ಯಾಪಿಯಾದ ಕುಚೇಷ್ಟೆಯಾಯಿತು. ಕೈಬಿಡೆನೆಂದು ಭಾಷೆ ಕೊಟ್ಟವನು ನಗೆಪಾಟಲಾದ; ಕಣ್ಣು ತಪ್ಪಿಸಲು ಬಿಡೆನೆಂದು ಬೆದರಿಸಿದವನು ಮದುವೆಯ ಹಾಡುಗಾರನಾದ. ಇದಕ್ಕೆ ಕಾರ್ಖಾನೆ ಕಾರಣವೆ? ಮಾರುಕಟ್ಟೆ ಕಾರಣವೆ? ನಮ್ಮ ಕಿವಿ ಕಾರಣವೆಂದು ಒಪ್ಪಿಕೊಳ್ಳುವುದು ಮರ್ಯಾದೆ.

ಇನ್ನೊಂದು ನಿದರ್ಶನ. ಸ್ಟೀವಿ ವಂಡರನ 1984ರ ‘ಐ ಜಸ್ಟ್ ಕಾಲ್ಡ್ ಟು ಸೇ ಐ ಲವ್ ಯು’. ಹಬ್ಬವಿಲ್ಲ, ಹರಿದಿನವಿಲ್ಲ, ವಿಶೇಷವೇನೂ ಇಲ್ಲ. ಒಲವಿದೆಯೆಂದು ಹೇಳಲು ಟೆಲಿಫೋನು ಮಾಡಿದ್ದೇನೆ ಎಂಬಷ್ಟೇ ಅದರ ತಿರುಳು. ವಿಮರ್ಶಕರು ಇದನ್ನು ಸಕ್ಕರೆ ಪಾಕವೆಂದು ಹೀಗಳೆದರು. 1985ರ ಮಾರ್ಚಿಯಲ್ಲಿ ಅದಕ್ಕೆ ಆಸ್ಕರ್ ಪ್ರಶಸ್ತಿ ಬಂದಾಗ ಅಂಧ ಗಾಯಕ ಸ್ಟೀವಿ ವಂಡರ್ ಅದನ್ನು ದಕ್ಷಿಣ ಆಫ್ರಿಕದ ಸೆರೆಮನೆಯಲ್ಲಿದ್ದ ನೆಲ್ಸನ್ ಮಂಡೇಲನ ಹೆಸರಿನಲ್ಲಿ ಸ್ವೀಕರಿಸಿದ. ಕೂಡಲೇ ಆ ದೇಶದ ಸರಕಾರಿ ರೇಡಿಯೋ ಅವನ ಹಾಡುಗಳನ್ನೆಲ್ಲ ನಿಷೇಧಿಸಿತು. ಸಕ್ಕರೆ ಪಾಕಕ್ಕೆ ಸಾಮ್ರಾಜ್ಯಗಳು ಹೆದರುವುದಿಲ್ಲ. ಒಂದು ಹಾಡನ್ನು ಯಾರಿಗೆ ಅರ್ಪಿಸುತ್ತೇವೆ ಎಂಬುದು ಎಂಥ ಗುರುತರ ಕಾರ್ಯವೆಂಬುದನ್ನು ಆ ಜನದ್ವೇಷಿ ಸರಕಾರ ಅರಿತಿತ್ತು. ನಮ್ಮ ವರಮಹಾಶಯ ಅರಿತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಹಾಡು ಬರೆದವನ ಕೈ ಬಿಟ್ಟ ಮೇಲೆ ಅದು ಕೇಳುವವರದು. ಅವರು ಅದನ್ನು ಒಲವೆಂದು ಕೇಳಿದರೆ ಅದು ಒಲವೇ. ನೀವು ಯಾರು ಕೇಳಲಿಕ್ಕೆ ಎನ್ನಬಹುದು. ಒಪ್ಪಿದೆ. ವಿರಹದ ಹಾಡನ್ನು ಮಿಲನದಲ್ಲಿ ಹಾಡಿಕೊಳ್ಳುವ ಸ್ವಾತಂತ್ರ್ಯ ಎಲ್ಲರಿಗೂ ಇದೆ. ಆದರೆ ಅರಿತು ಅರ್ಥ ಬದಲಿಸುವುದು ಬೇರೆ, ಮಾತಿನತ್ತ ಕಿವಿಯನ್ನೇ ಕೊಡದಿರುವುದು ಬೇರೆ. ನಮ್ಮ ಸಂಗೀತದಲ್ಲಿ ಕೃತಿಯ ಮಾತುಗಳಿಗೆ ‘ಸಾಹಿತ್ಯ’ ಎಂದೇ ಹೆಸರು. ಸಾಹಿತ್ಯ ನುಂಗಿ ಹಾಡುವವನನ್ನು ನಮ್ಮ ಹಿರಿಯರು ಎದುರಿಗೇ ಗದರುತ್ತಿದ್ದರು. ಅಂಥ ಪರಂಪರೆಯ ನಾವು, ಹಾಡು ಇಂಗ್ಲಿಷಿನದೆಂಬ ಮಾತ್ರಕ್ಕೆ, ಸಾಹಿತ್ಯ ಬೇಡ, ಗಿಟಾರು ಸಾಕು ಎನ್ನುವುದು ಯಾವ ರಸಿಕತೆ?

ಇದು ಬರಿಯ ರಸಿಕತೆಯ ಪ್ರಶ್ನೆಯಾಗಿದ್ದರೆ ಇಷ್ಟು ಕಾಗದ ಕೆಡಿಸುತ್ತಿರಲಿಲ್ಲ. ಹಾಡುಗಳಿಂದ ನಾವು ಮಾತು ಕಲಿಯುತ್ತೇವೆ. ಹದಿನೆಂಟರ ಹುಡುಗನಿಗೆ ಒಲವೆಂದರೇನೆಂದು ತಂದೆ ಹೇಳಿಕೊಡುವುದಿಲ್ಲ, ಮೇಷ್ಟರು ಹೇಳಿಕೊಡುವುದಿಲ್ಲ, ಹಾಡು ಹೇಳಿಕೊಡುತ್ತದೆ. ಕಣ್ಣಿಡುವುದೇ ಕಾಳಜಿ, ಬೆನ್ನು ಹತ್ತುವುದೇ ನಿಷ್ಠೆ, ಬೇಡವೆಂದವಳ ಬಾಗಿಲಲ್ಲಿ ನಿಲ್ಲುವುದೇ ಅಮರ ಪ್ರೇಮ ಎಂದು ನಾವು ಹಣೆಪಟ್ಟಿ ಅಂಟಿಸಿ ಅವನ ಕೈಗಿತ್ತರೆ ಅವನು ಕಲಿಯುವುದು ಅದನ್ನೇ. 1983ರಲ್ಲಿ ಹೆಣ್ಣಿನ ಹೆಜ್ಜೆಹೆಜ್ಜೆಯನ್ನೂ ಕಾಯುವುದು ಕವಿಯ ಉತ್ಪ್ರೇಕ್ಷೆ. ಇಂದು ಅದು ಅಂಗೈಯಲ್ಲಿರುವ ಫೋನಿನ ಕೆಲಸ. ಹೆಂಡತಿ ಎಲ್ಲಿದ್ದಾಳೆ, ಯಾರೊಡನೆ ಮಾತಾಡಿದಳು, ಎಷ್ಟು ಹೊತ್ತಿಗೆ ಮಲಗಿದಳು ಎಂದು ಕುಳಿತಲ್ಲಿಂದಲೇ ನೋಡಬಹುದು. ನನ್ನ ಬೀದಿಯಲ್ಲಿಯೇ ಒಬ್ಬ ಹೆಣ್ಣುಮಗಳಿದ್ದಾಳೆ. ತರಕಾರಿ ಕೊಳ್ಳಲು ಐದು ನಿಮಿಷ ತಡವಾದರೆ ಅವಳ ಫೋನು ಬಾರಿಸುತ್ತದೆ. “ಅವರಿಗೆ ನನ್ನ ಮೇಲೆ ಅಷ್ಟು ಪ್ರೀತಿ ಅಣ್ಣಾ” ಎಂದು ಅವಳು ನಕ್ಕು ಹೇಳುತ್ತಾಳೆ. ನಗು ಕಣ್ಣಿನವರೆಗೆ ಬರುವುದಿಲ್ಲ. ಕಾವಲಿಗೆ ಪ್ರೀತಿಯೆಂದು ಹೆಸರಿಡಲು ಅವಳಿಗೆ ಯಾರು ಕಲಿಸಿದರು? ಒಂದೇ ಹಾಡು ಕಲಿಸಲಿಲ್ಲ ನಿಜ. ಆದರೆ ಅಂಥ ಹಾಡಿಗೆ ಕೈತಟ್ಟುವ ನಾವೆಲ್ಲ ಸೇರಿ ಕಲಿಸಿದೆವು.

ಆದುದರಿಂದ ಅಧ್ಯಾಪಕರಲ್ಲಿ ನನ್ನ ಬಿನ್ನಹ: ಆ ಹಾಡುಗಳನ್ನು ಕಸದ ಬುಟ್ಟಿಗೆ ಎಸೆಯಬೇಡಿ. ಅವುಗಳೊಳಗೆ ನಿಮ್ಮ ಕಾದಂಬರಿಗಳಷ್ಟೇ ಮನುಷ್ಯರಿದ್ದಾರೆ. ಬ್ಯಾಂಕಿನ ಮಿತ್ರರಲ್ಲಿ ನನ್ನ ಬಿನ್ನಹ: ಅವುಗಳನ್ನು ದೇವರ ಪೀಠದಲ್ಲಿ ಇಡಬೇಡಿ. ಕೆಳಗಿಳಿಸಿ, ಎದುರಿಗೆ ಕೂಡಿಸಿಕೊಂಡು, ಏನು ಹೇಳುತ್ತಿವೆ ಎಂದು ಕೇಳಿ. ನಲವತ್ತು ವರ್ಷ ತಡವಾಯಿತು, ಪರವಾಗಿಲ್ಲ.

ಊಟ ಮುಗಿಸಿ, ಮುಯ್ಯಿ ಕೊಡಲು ವೇದಿಕೆ ಹತ್ತಿದೆ. ವಧು ಕೈಮುಗಿದು, “ಊಟ ಆಯ್ತಾ ಅಂಕಲ್? ಹಾಡು ಚೆನ್ನಾಗಿತ್ತಲ್ಲ?” ಎಂದಳು. ಪಕ್ಕದಲ್ಲಿ ವರ, ಒಳ್ಳೆಯ ಹುಡುಗ, ಮುಖದಲ್ಲಿ ಕಪಟವಿಲ್ಲ. ಹಾಡಿನ ಅರ್ಥ ಅವನಿಗೆ ಗೊತ್ತಿರಲಿಲ್ಲವೆಂದೇ ನನ್ನ ನಂಬಿಕೆ. “ವಾದ್ಯ ಚೆನ್ನಾಗಿತ್ತಮ್ಮ” ಎಂದೆ. ಇಬ್ಬರನ್ನೂ ಹರಸಿ, ತಾಂಬೂಲ ತೆಗೆದುಕೊಂಡು ಇಳಿದೆ. ಉಳಿದ ಮಾತನ್ನು ಅಲ್ಲಿ ಆಡುವುದು ಉಚಿತವಾಗಿರಲಿಲ್ಲ. ಇಲ್ಲಿ ಆಡಿದ್ದೇನೆ.